ಗುಂಡಗಿಲ್ಲದ ಗೋಳಕ್ಕೆ ಸಾವಿರ ಡಾಲರ್

‘ನೀನೇನು ತಗೊಳ್ತೀಯೇನೇ ಅದನ್ನ? ಇಲ್ಲ ತಾನೇ? ಮತ್ತೆ ನಿಂಗ್ಯಾಕೆ ಬೇಜಾರು?’

ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಾ ನನ್ನ ಕ್ಲಾಸ್‌ಮೇಟ್ ಕೇಳಿದ ಪ್ರಶ್ನೆ ಇದು. ಇಂಟರ್ನಲ್ಸ್ ಮುಗಿಸಿಕೊಂಡು ಬರುತ್ತಿದ್ದೆವು. ಪೇಪರ್ ಹೇಗಿತ್ತು ಅಂತ ಮಾತಾಡಬೇಕಾದ ಹೊತ್ತಿನಲ್ಲಿ ನಾನು ಒಂದು ಆಟಿಕೆಯ ಬಗ್ಗೆ ಗೊಣಗುತ್ತಿದ್ದೆ. ಅದೂ ನಮ್ಮ ಮನೆಯ ಆರು ತಿಂಗಳ ಬಾಡಿಗೆಗೂ ಮಿಕ್ಕಿದ ಬೆಲೆಯ ಆಟಿಕೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಉತ್ತರ ಆಗ ಬಾಯಿಗೆ ಬರಲಿಲ್ಲ. ಮನೆಗೆ ಬಂದು, ಊಟ ಮಾಡಿ, ಮಲಗಿದ ಮೇಲೂ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಡೆನ್ಮಾರ್ಕಿನ ಲೆಗೊ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ‘ಡೆತ್ ಸ್ಟಾರ್’ನ ಹೊಸ ಸೆಟ್ ಘೋಷಿಸಿತು. ಅಕ್ಟೋಬರ್ ಮೊದಲ ವಾರ ಅದು ಮಾರಾಟಕ್ಕೆ ಬಂತು. 9,023 ತುಂಡುಗಳು, 38 ಪುಟ್ಟ ಬೊಂಬೆಗಳು, ಬೆಲೆ 999.99 ಡಾಲರ್. ಆಗಿನ ವಿನಿಮಯ ದರದಲ್ಲಿ ಸುಮಾರು 88 ಸಾವಿರ ರೂಪಾಯಿ. ಸಾವಿರ ಡಾಲರ್ ಮುಟ್ಟಿದ ಮೊದಲ ಲೆಗೊ ಸೆಟ್ ಅದು. ಸಿನಿಮಾ ನೋಡದವರಿಗೆ ಹೇಳುವುದಾದರೆ, ಡೆತ್ ಸ್ಟಾರ್ ಎಂದರೆ ದೂರದಿಂದ ಚಂದ್ರನಂತೆ ಕಾಣುವ, ಒಂದು ಗ್ರಹವನ್ನೇ ಪುಡಿಮಾಡಬಲ್ಲ ಭಾರಿ ಬಾಹ್ಯಾಕಾಶ ನೆಲೆ. 1977ರ ಮೊದಲ ಚಿತ್ರದಲ್ಲೇ ಬರುತ್ತದೆ. ಅದರ ಬಗ್ಗೆ ಬೇರೇನೂ ಗೊತ್ತಿಲ್ಲದವರಿಗೂ ಅದು ಗುಂಡಗಿದೆ ಎಂಬುದೊಂದು ಗೊತ್ತಿರುತ್ತದೆ.

ಹೊಸ ಸೆಟ್ ಗುಂಡಗಿಲ್ಲ.

ಕಲ್ಲಂಗಡಿ ಹಣ್ಣಿನ ನಟ್ಟನಡುವಿನಿಂದ ದಪ್ಪನೆಯ ಬಿಲ್ಲೆಯೊಂದನ್ನು ಕೊಯ್ದು ನೆಟ್ಟಗೆ ನಿಲ್ಲಿಸಿದರೆ ಹೇಗಿರುತ್ತದೋ ಹಾಗಿದೆ. ಸುಮಾರು ಅರ್ಧ ಮೀಟರ್ ಎತ್ತರ. ಮುಂದೆ ನಿಂತು ನೋಡಿದರೆ ಮಹಡಿ ಮೇಲೆ ಮಹಡಿ, ಕೋಣೆ ಪಕ್ಕ ಕೋಣೆ, ಪ್ರತಿ ಕೋಣೆಯಲ್ಲೂ ಸಿನಿಮಾದ ಒಂದೊಂದು ದೃಶ್ಯ. ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಒಂದು ಕಡೆ ಬಿಳಿ ಕವಚದ ಸೈನಿಕನೊಬ್ಬ ಬಿಸಿನೀರಿನ ತೊಟ್ಟಿಯಲ್ಲಿ ಆರಾಮಾಗಿ ಕೂತಿದ್ದಾನೆ. ಹಳೆಯ ಲೆಗೊ ವಿಡಿಯೊ ಗೇಮ್ ಒಂದರ ತಮಾಷೆ ಅದು. ಆದರೆ ಪಕ್ಕಕ್ಕೆ ಬಂದು ನೋಡಿ. ಗೋಳ ಮಾಯ. ಬೆನ್ನು ಚಪ್ಪಟೆ. ಜಗತ್ತಿನ ಲೆಗೊ ಅಭಿಮಾನಿಗಳಲ್ಲಿ ದೊಡ್ಡ ಪಾಲು ಒಂದೇ ಉಸಿರಿಗೆ ಸಿಡಿದೆದ್ದದ್ದು ಇದಕ್ಕೇ. ಸ್ನಾನದ ತೊಟ್ಟಿಗೆ ಜಾಗ ಸಿಕ್ಕಿತು, ಗೋಳಕ್ಕೆ ಸಿಗಲಿಲ್ಲವಾ?

ಇನ್ನು ನನಗೆ ಯಾಕೆ ಬೇಜಾರು ಅನ್ನುವುದು. ಅದಕ್ಕೆ ಒಂದು ಸಿಮೆಂಟ್ ಚೀಲದ ಕಥೆ ಹೇಳಬೇಕು.

ನಮ್ಮಪ್ಪ ಕಾಮಾಕ್ಷಿಪಾಳ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಶಾಪಿನಲ್ಲಿ ಮೆಷಿನ್ ಆಪರೇಟರ್. ಬಾಟಲಿ ಮುಚ್ಚಳ, ಸ್ವಿಚ್ ಬೋರ್ಡಿನ ಪ್ಲೇಟು, ಮಿಕ್ಸಿಯ ಕಾಲು, ಬಾಚಣಿಗೆ, ಯಾರು ಏನು ಕೇಳಿದರೆ ಅದು. ಮಾಗಡಿ ರಸ್ತೆಯ ಎಡಬಲದ ಗಲ್ಲಿಗಳಲ್ಲಿ ಇಂಥ ಶಾಪ್‌ಗಳು ಲೆಕ್ಕವಿಲ್ಲದಷ್ಟಿವೆ. ಹೊಸಹಳ್ಳಿ, ವಿಜಯನಗರದ ಎಷ್ಟೋ ಮನೆಗಳ ಒಲೆ ಉರಿಯುವುದು ಅವುಗಳಿಂದ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಶಾಪಿಗೆ ಒಬ್ಬ ವ್ಯಾಪಾರಿಯಿಂದ ಆರ್ಡರ್ ಬಂತು: ಮಕ್ಕಳು ಜೋಡಿಸಿ ಆಡುವ ಬ್ಲಾಕ್‌ಗಳು ಬೇಕು, ಲೆಗೊ ಥರಾನೇ ಇರಬೇಕು, ಪೀಸಿಗೆ ಇಷ್ಟೇ ಪೈಸೆ. ಓನರ್ ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ಮೋಲ್ಡ್ ತಂದರು. ಹಗಲು ರಾತ್ರಿ ಮೆಷಿನ್ ಓಡಿತು. ಮಾಲು ಹೋಯಿತು, ಹದಿನೈದು ದಿನದಲ್ಲಿ ವಾಪಸ್ ಬಂತು. ಒಂದು ಬ್ಲಾಕ್ ಇನ್ನೊಂದಕ್ಕೆ ಕೂರುವುದಿಲ್ಲ, ಕೂತರೆ ಬಿಡುವುದಿಲ್ಲ. ನಾಲ್ಕು ಜೋಡಿಸುವಷ್ಟರಲ್ಲಿ ಗೋಪುರ ವಾಲುತ್ತದೆ. ಆ ವರ್ಷ ದೀಪಾವಳಿಗೆ ಅಪ್ಪನಿಗೆ ಬೋನಸ್ ಬರಲಿಲ್ಲ. ಬಂದದ್ದು ಒಂದು ಸಿಮೆಂಟ್ ಚೀಲದ ತುಂಬ ರಿಜೆಕ್ಟ್ ಆದ ಬ್ಲಾಕ್‌ಗಳು. ಗ್ರೈಂಡರಿಗೆ ಹಾಕುವುದನ್ನು, ಮಗು ಆಡಿಕೊಳ್ಳಲಿ ಅಂತ ಕೇಳಿ ತಂದಿದ್ದರು.

ಅಮ್ಮ ಮೊರ ಹಿಡಿದು ಅಕ್ಕಿ ಆರಿಸುವಾಗ ನಾನು ಪಕ್ಕದಲ್ಲಿ ಕೂತು ಬ್ಲಾಕ್ ಆರಿಸುತ್ತಿದ್ದೆ. ಮೂರು ಗುಡ್ಡೆ: ಬಿಗಿ, ಸಡಿಲ, ಸರಿ. ಆ ಇಡೀ ಚೀಲದಲ್ಲಿ ‘ಸರಿ’ ಗುಡ್ಡೆಗೆ ಬಂದದ್ದು 112. ಎಣಿಸಿ ಎಣಿಸಿ ಬಾಯಿಪಾಠ ಆಗಿಬಿಟ್ಟಿದೆ. ಆ 112ರಲ್ಲೇ ನಾನು ಮನೆ ಕಟ್ಟಿದೆ, ಬಸ್ ಕಟ್ಟಿದೆ, ಗಾಳಿ ಆಂಜನೇಯನ ಗುಡಿ ಗೋಪುರ ಕಟ್ಟಿದೆ. ವರ್ಷಗಳ ನಂತರ ಬಿ.ಇ. ಕ್ಲಾಸಿನಲ್ಲಿ ಮೇಡಂ ಬೋರ್ಡಿನ ಮೇಲೆ ಕ್ಲಿಯರೆನ್ಸ್ ಫಿಟ್, ಟ್ರಾನ್ಸಿಷನ್ ಫಿಟ್, ಇಂಟರ್‌ಫಿಯರೆನ್ಸ್ ಫಿಟ್ ಎಂದು ಬರೆದಾಗ ನನಗೆ ನಗು ತಡೆಯಲಾಗಲಿಲ್ಲ. ಹೆಸರು ಗೊತ್ತಿರಲಿಲ್ಲ ಅಷ್ಟೇ, ಗುಡ್ಡೆಗಳು ಅವೇ.

ನಿಜವಾದ ಲೆಗೊ ನನ್ನ ಕೈಗೆ ಬಂದದ್ದು ಏಳನೇ ಕ್ಲಾಸಿನಲ್ಲಿ, ಬಸವೇಶ್ವರನಗರದ ಗೆಳತಿಯ ಹುಟ್ಟುಹಬ್ಬದ ದಿನ. ಅವರ ಚಿಕ್ಕಪ್ಪ ಅಮೆರಿಕದಿಂದ ತಂದಿದ್ದ ಡಬ್ಬಿ. ಎರಡು ಇಟ್ಟಿಗೆ ತೆಗೆದು ಒತ್ತಿದೆ. ಟಕ್. ಬಿಡಿಸಿದೆ. ಇನ್ನೆರಡು ತೆಗೆದೆ. ಟಕ್. ಡಬ್ಬಿಯಲ್ಲಿ ಯಾವುದನ್ನು ತೆಗೆದರೂ ಟಕ್. ಕೇಕ್ ಕಟ್ ಮಾಡಲು ಕರೆದರೂ ನಾನು ಏಳಲಿಲ್ಲವಂತೆ, ಆಂಟಿ ಈಗಲೂ ಆಡಿಕೊಳ್ಳುತ್ತಾರೆ. ನಾನು ಅಲ್ಲಿ ಆಟ ಆಡುತ್ತಿರಲಿಲ್ಲ. ರಿಜೆಕ್ಟ್ ಹುಡುಕುತ್ತಿದ್ದೆ. ಒಂದೂ ಸಿಗಲಿಲ್ಲ.

ಆ ‘ಟಕ್’ ಹಿಂದೆ ಏನಿದೆ ಎಂಬುದನ್ನು ಆಮೇಲೆ ಓದಿಕೊಂಡೆ. ಒಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳಂತೆಯೇ ಅನ್ನಿ. ಪ್ಲಾಸ್ಟಿಕ್ ಆಮೇಲೆ ಬಂತು. ಮೇಲೆ ಗುಬುಟು, ಒಳಗೆ ಕೊಳವೆ ಇರುವ ಇಂದಿನ ಇಟ್ಟಿಗೆಯ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. 1963ರಲ್ಲಿ ಎಬಿಎಸ್ ಪ್ಲಾಸ್ಟಿಕ್ಕಿಗೆ ಬದಲಾದರು. ಗುಬುಟಿನ ವ್ಯಾಸ 4.8 ಮಿಲಿಮೀಟರ್, ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್. ಮೋಲ್ಡಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಹೆಚ್ಚುಕಮ್ಮಿ ಆಗದಂತೆ ನೋಡಿಕೊಳ್ಳುತ್ತಾರೆ. 1958ರ ಇಟ್ಟಿಗೆ ಇವತ್ತಿನ ಇಟ್ಟಿಗೆಗೆ ಕೂರುತ್ತದೆ. ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಜೋಡಿಸುವ ಬಗೆಗಳು 91,51,03,765. ಮಗು ಒಂದು ಬಗೆ ಕಟ್ಟುತ್ತದೆ, ಬೀಳಿಸುತ್ತದೆ, ಮಿಕ್ಕವು ಹಾಗೇ ಇರುತ್ತವೆ.

ಒಂದು ಸಣ್ಣ ಸಂಗತಿ ನಮ್ಮ ಏರಿಯಾದವರಿಗೆ ಹೇಳಲೇಬೇಕು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಶುರುವಾದದ್ದು 1972ರಲ್ಲಿ, ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ. ಹೌದು, ಅದೇ ಡೆನ್ಮಾರ್ಕ್. ಪಶ್ಚಿಮ ಬೆಂಗಳೂರಿನ ಮೋಲ್ಡ್ ಮಾಡುವವರಲ್ಲಿ ಅನೇಕರು ಕೈ ಪಳಗಿಸಿಕೊಂಡದ್ದು ಅಲ್ಲೇ. ಅಪ್ಪನ ಶಾಪಿನ ಟೂಲ್‌ರೂಮ್ ಅಂಕಲ್ ಕೂಡ ಅಲ್ಲಿಯವರೇ. ಬಿ.ಇ. ಮುಗಿದ ಮೇಲೆ ನಾನೂ ಅಲ್ಲಿ ಮೋಲ್ಡ್ ಡಿಸೈನ್ ಕಲಿಯಬೇಕು ಅಂತಿದ್ದೇನೆ. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಜನ ಮೆಕ್ಯಾನಿಕಲ್ ಓದಿಕೊಂಡು ಕೋಡಿಂಗ್ ಕೋರ್ಸಿಗೆ ಸೇರಿದ್ದಾರೆ. ಅವರನ್ನು ದೂರುವುದಿಲ್ಲ, ಸಂಬಳ ಅಲ್ಲಿದೆ.

ನನ್ನ ಈ ಆಸೆಗೆ ಮನೆಯಲ್ಲಿ ಅಡ್ಡ ನಿಂತಿರುವುದು ಬೇರೆ ಯಾರೂ ಅಲ್ಲ, ಅಪ್ಪ. ‘ಒಳ್ಳೇದಕ್ಕೆ ಯಾರೂ ದುಡ್ಡು ಕೊಡಲ್ಲ ಕಣಮ್ಮ, ಪೀಸಿಗೆ ಕೊಡ್ತಾರೆ’ ಅನ್ನುತ್ತಾರೆ. ಇಪ್ಪತ್ತೈದು ವರ್ಷ ಮೆಷಿನ್ ಮುಂದೆ ನಿಂತವರ ಮಾತು, ತಳ್ಳಿಹಾಕುವಂತಿಲ್ಲ. ಪೀಸಿಗೆ ಐದು ಪೈಸೆ ಕಮ್ಮಿ ಮಾಡಿ ಅಂತ ಗಿರಾಕಿ ಹೇಳುತ್ತಾನೆ. ಗೋಡೆಯ ದಪ್ಪ ಸ್ವಲ್ಪ ಇಳಿಯುತ್ತದೆ. ಹೊಸ ದಾಣೆಯ ಜತೆ ಪುಡಿಮಾಡಿದ ಹಳೆ ಪ್ಲಾಸ್ಟಿಕ್ ಸ್ವಲ್ಪ ಜಾಸ್ತಿ ಬೆರೆಯುತ್ತದೆ. ತಣ್ಣಗಾಗಲು ಕೊಡುವ ಸಮಯದಲ್ಲಿ ಎರಡು ಸೆಕೆಂಡ್ ಕಡಿತ. ಮುಚ್ಚಳ ಮುಚ್ಚಳವೇ, ನೋಡಲು ಹಾಗೇ ಇರುತ್ತದೆ. ಮೂರನೇ ಸಲ ತಿರುಗಿಸಿದಾಗ ಸೀಳುತ್ತದೆ. ಅಷ್ಟು ಹೊತ್ತಿಗೆ ಬಿಲ್ ಪಾಸಾಗಿರುತ್ತದೆ.

ಅಪ್ಪನ ಈ ಮಾತಿಗೆ ಇಷ್ಟು ವರ್ಷ ನನ್ನ ಹತ್ತಿರ ಇದ್ದ ಒಂದೇ ಎದುರುತ್ತರ ಲೆಗೊ. ‘ನೋಡಪ್ಪಾ, ಅವರು ಚೆನ್ನಾಗಿ ಮಾಡ್ತಾರೆ, ಅದಕ್ಕೇ ಜನ ಜಾಸ್ತಿ ಕೊಟ್ಟು ತಗೋತಾರೆ’ ಅನ್ನುತ್ತಿದ್ದೆ. ಈಗ ನನ್ನ ಆ ಉದಾಹರಣೆಯೇ ಚಪ್ಪಟೆಯಾಗಿ ಕೂತಿದೆ. ಬೇಜಾರು ಆಗದೆ ಇನ್ನೇನಾಗುತ್ತದೆ?

ಇಲ್ಲಿ ಅಭಿಮಾನಿಗಳ ಲೆಕ್ಕಾಚಾರದ ಬಗ್ಗೆಯೂ ಒಂದು ಮಾತು. ಲೆಗೊ ಲೋಕದಲ್ಲಿ ಹಳೆಯ ಅಳತೆಗೋಲೊಂದಿದೆ: ತುಂಡಿಗೆ ಹತ್ತು ಸೆಂಟ್. ಬೆಲೆಯನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸು, ಹತ್ತು ಸೆಂಟಿನ ಆಸುಪಾಸು ಬಂದರೆ ನ್ಯಾಯ, ಜಾಸ್ತಿಯಾದರೆ ಸುಲಿಗೆ. ನಾನೂ ಹಾಕಿ ನೋಡಿದೆ. ಹೊಸ ಡೆತ್ ಸ್ಟಾರ್ ತುಂಡಿಗೆ 11 ಸೆಂಟ್. 2016ರ ಡೆತ್ ಸ್ಟಾರ್‌ನಲ್ಲಿ 4,016 ತುಂಡು, 499.99 ಡಾಲರ್, ತುಂಡಿಗೆ 12 ಸೆಂಟಿಗೂ ಮೇಲೆ. ಅಂದರೆ ಈ ಲೆಕ್ಕದಲ್ಲಿ ಹೊಸದೇ ಅಗ್ಗ! 2021ರಲ್ಲಿ ಬಂದ ಲೆಗೊ ವಿಶ್ವ ಭೂಪಟದಲ್ಲಿ 11,695 ತುಂಡುಗಳಿದ್ದವು, ಬೆಲೆ 249.99 ಡಾಲರ್. ತುಂಡಿಗೆ ಎರಡೇ ಸೆಂಟ್. ಆದರೆ ಅದರಲ್ಲಿ ಹೆಚ್ಚಿನವು ಬೆರಳ ತುದಿಯಷ್ಟಿನ ಚುಕ್ಕೆಗಳು. ಎಣಿಕೆಯಲ್ಲಿ ರಾಜ, ತಕ್ಕಡಿಯಲ್ಲಿ ಕಾಸು.

ಹಾಗಾಗಿ ಕೋಪ ಮಾಡಿಕೊಂಡವರು ಸರಿ, ಅವರ ಅಳತೆಗೋಲು ತಪ್ಪು ಎಂಬುದು ನನ್ನ ಅಭಿಪ್ರಾಯ. ಕಾಮಾಕ್ಷಿಪಾಳ್ಯದ ವ್ಯಾಪಾರಿ ಮಾಡಿದ್ದನ್ನೇ ಅವರೂ ಇಷ್ಟು ವರ್ಷ ಮಾಡಿಕೊಂಡು ಬಂದರು: ಪೀಸ್ ರೇಟ್ ಕೇಳಿದರು. ಪೀಸ್ ಲೆಕ್ಕ ಕೇಳುವ ಗಿರಾಕಿಗೆ ಕಂಪನಿ ಪೀಸ್ ಲೆಕ್ಕ ತೋರಿಸುತ್ತದೆ. ಡಬ್ಬಿಯ ಮೇಲೆ 9,023 ಎಂದು ದೊಡ್ಡದಾಗಿ ಹಾಕಿದರೆ ಸಾಕು ಎಂಬ ಧೈರ್ಯ ಅದಕ್ಕೆ ಬಂದದ್ದರಲ್ಲಿ ನಮ್ಮ ಪಾಲೂ ಇದೆ. ನಮ್ಮ ಪಾಲು ಎಂದೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ನನ್ನ ಮೊದಲ ಸ್ವಂತ ಲೆಗೊ, ಒಂದು ಪುಟ್ಟ ಕಾರ್ ಸೆಟ್, ಕೊಳ್ಳುವಾಗ ನಾನೂ ಮಾಲಿನ ಶೆಲ್ಫ್ ಮುಂದೆ ನಿಂತು ಫೋನಿನಲ್ಲಿ ಭಾಗಾಕಾರ ಮಾಡಿದವಳೇ.

ಹಾಗಾದರೆ ಡಿಸೈನರ್‌ಗಳು ಏನು ಮಾಡಬೇಕಿತ್ತು? ಎಂಜಿನಿಯರಿಂಗ್ ಓದುವವಳಾಗಿ ಅವರ ಕಡೆಯಿಂದಲೂ ಯೋಚಿಸಿದೆ. ಗೋಳದ ವ್ಯಾಸ ಎರಡು ಪಟ್ಟಾದರೆ ಒಳಗಿನ ಗಾತ್ರ ಎಂಟು ಪಟ್ಟಾಗುತ್ತದೆ. ಬೊಂಬೆಗಳು ನಿಲ್ಲುವಷ್ಟು ಎತ್ತರದ ಕೋಣೆಗಳನ್ನಿಟ್ಟು ಪೂರ್ತಿ ಗೋಳ ಕಟ್ಟಿದರೆ ತುಂಡುಗಳು ಎಷ್ಟೋ ಪಟ್ಟು ಏರುತ್ತವೆ, ತೂಕಕ್ಕೆ ತಳ ಬಾಗುತ್ತದೆ, ಹೊರಗೆ ಚಿಪ್ಪು ಮುಚ್ಚಿದರೆ ಒಳಗಿನದ್ದು ಕಾಣುವುದಿಲ್ಲ. ಹೊರಗಿನ ಗುಂಡು ಬೇಕೋ, ಒಳಗಿನ ಕೋಣೆ ಬೇಕೋ? ಎರಡೂ ಸಿಗುವುದು ಕಷ್ಟ. ಹೋಳು ಮಾಡಿದ್ದು ಸೋಮಾರಿತನವಲ್ಲ, ರಾಜಿ. ಪ್ರತಿ ಡಿಸೈನಿನಲ್ಲೂ ರಾಜಿ ಇರುತ್ತದೆ ಅಂತ ನಮಗೆ ಮೊದಲ ವರ್ಷದಿಂದ ಹೇಳಿಕೊಡುತ್ತಾರೆ.

ಆದರೆ 2008ರ ಡೆತ್ ಸ್ಟಾರ್ ನೆನಪಿಸಿಕೊಳ್ಳಿ. 3,803 ತುಂಡು, 399.99 ಡಾಲರ್. ಚಿಪ್ಪು ಪೂರ್ತಿ ಇಲ್ಲ, ಮಹಡಿಗಳು ತೆರೆದಿವೆ, ಆದರೂ ಸುತ್ತಲೂ ಯಾವ ಕಡೆಯಿಂದ ನೋಡಿದರೂ ಗುಂಡು. ನಾಲ್ಕು ಮಕ್ಕಳು ನಾಲ್ಕು ದಿಕ್ಕಿನಲ್ಲಿ ಕೂತು ಆಡಬಹುದಿತ್ತು. ಹದಿನೇಳು ವರ್ಷದ ಹಿಂದೆ ಅರ್ಧಕ್ಕೂ ಕಡಿಮೆ ತುಂಡಿನಲ್ಲಿ ಮಾಡಿ ತೋರಿಸಿದ್ದನ್ನು ಈಗ ಯಾಕೆ ಬಿಟ್ಟಿರಿ? ಅಭಿಮಾನಿಗಳ ದೂರಿನಲ್ಲಿ ನನಗೆ ಬಲವಾಗಿ ಕಂಡದ್ದು ಈ ಪ್ರಶ್ನೆ. ರಾಜಿ ಮಾಡಿಕೊಂಡದ್ದಕ್ಕೆ ಸಿಟ್ಟಲ್ಲ. ರಾಜಿಯನ್ನು ಅತಿ ಶ್ರೇಷ್ಠ ಎಂದು ಹೇಳಿ, ಹಿಂದೆಂದೂ ಇಲ್ಲದ ಬೆಲೆಗೆ ಕೊಟ್ಟದ್ದಕ್ಕೆ ಸಿಟ್ಟು. ಮೋಲ್ಡ್ ಸರಿಯಿದೆ, ಪ್ಲಾಸ್ಟಿಕ್ ಸರಿಯಿದೆ, ಟಕ್ ಎಂಬ ಸದ್ದು ಹಾಗೇ ಇದೆ. ಕೂರದೇ ಹೋದದ್ದು ಹೇಳಿದ ಮಾತು ಮತ್ತು ಕೊಟ್ಟ ವಸ್ತು.

ಅದೇ ಮೆಟ್ಟಿಲ ಮೇಲೆ ನನ್ನ ಕ್ಲಾಸ್‌ಮೇಟ್ ಇನ್ನೊಂದು ಮಾತೂ ಹೇಳಿದ್ದ: ‘ಅಭಿಮಾನಿಗಳಂತೆ, ಬೈತಾರಂತೆ. ಇದ್ಯಾವ ಸೀಮೆ ಅಭಿಮಾನ?’ ಅವನು ಒಬ್ಬ ಸ್ಟಾರ್ ನಟನ ಪಕ್ಕಾ ಅಭಿಮಾನಿ, ಯಾರೆಂದು ಹೇಳಿದರೆ ನಾಳೆ ಜಗಳ. ಮಾಗಡಿ ರಸ್ತೆಯ ಥಿಯೇಟರ್ ಮುಂದೆ ಕಟೌಟಿಗೆ ಹಾಲೆರೆಯುವ ಬೆಳಗ್ಗೆ ಅವನು ಇದ್ದೇ ಇರುತ್ತಾನೆ. ಮೊದಲ ಶೋಗೆ ಎಷ್ಟಾದರೂ ಕೊಡುತ್ತಾನೆ. ಸಿನಿಮಾ ಚೆನ್ನಾಗಿಲ್ಲದಿದ್ದರೆ? ಹೊರಗೆ ಬಂದು ಸುಮ್ಮನಾಗುತ್ತಾನೆ. ‘ಫ್ಯಾನ್ಸ್‌ಗೆ ಹಬ್ಬ’ ಅನ್ನುತ್ತಾನೆ. ಎರಡು ಟೀ ಕುಡಿಸಿದ ಮೇಲೆ ಮೆಲ್ಲಗೆ, ‘ಸೆಕೆಂಡ್ ಹಾಫ್ ಸ್ವಲ್ಪ ಎಳೀತು ಕಣೇ’ ಅನ್ನುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿದಾಗ, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಾಗ, ನಮ್ಮ ಕ್ಯಾಂಟೀನಿನಲ್ಲಿ ದರದ ಬಗ್ಗೆ ಭಾರಿ ಚರ್ಚೆ ನಡೆಯಿತು. ಕೊಟ್ಟ ದುಡ್ಡಿಗೆ ತಕ್ಕ ಸಿನಿಮಾ ಸಿಗುತ್ತಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ಅಭಿಮಾನ ಕಮ್ಮಿಯಾದಂತೆ!

ಲೆಗೊ ಅಭಿಮಾನಿಗಳು ಈ ವಿಷಯದಲ್ಲಿ ನಮಗಿಂತ ವಾಸಿ. 2004ರ ಸುಮಾರಿಗೆ ಕಂಪನಿ ತನ್ನ ಬೂದು ಬಣ್ಣವನ್ನು ಚೂರೇ ಚೂರು ನೀಲಿ ಛಾಯೆಗೆ ಬದಲಿಸಿತ್ತು. ನಮ್ಮಲ್ಲಿ ಯಾರಿಗಾದರೂ ಗೊತ್ತಾಗುತ್ತಿತ್ತಾ? ಅವರಿಗೆ ಗೊತ್ತಾಯಿತು. ಹಳೆಯ ಬೂದು ಇಟ್ಟಿಗೆಯ ಪಕ್ಕ ಹೊಸದಿಟ್ಟರೆ ಗೋಡೆಗೆ ತೇಪೆ ಹಾಕಿದಂತೆ ಕಾಣುತ್ತದೆ, ಇಪ್ಪತ್ತು ವರ್ಷ ಕೂಡಿಟ್ಟ ಇಟ್ಟಿಗೆಗಳ ಗತಿಯೇನು ಎಂದು ಗಲಾಟೆ ಎಬ್ಬಿಸಿದರು. ಆಗ ಕಂಪನಿಯೂ ನಷ್ಟದಲ್ಲಿ ಮುಳುಗಿ ಏದುಸಿರು ಬಿಡುತ್ತಿತ್ತು. ಬೂದು ಬಣ್ಣ ಹಿಂದಕ್ಕೆ ಬರಲಿಲ್ಲ, ಆದರೆ ದೊಡ್ಡ ವಯಸ್ಸಿನ ಈ ಹುಚ್ಚು ಗಿರಾಕಿಗಳ ಮಾತಿಗೂ ಕಿವಿಗೊಡಬೇಕು ಎಂಬುದು ಅಲ್ಲಿಂದಾಚೆ ಕಂಪನಿಗೆ ಅರ್ಥವಾಯಿತು. ಕಾಲು ಶತಮಾನ ಒಂದೇ ವಸ್ತುವನ್ನು ಕೈಯಲ್ಲಿ ಹಿಡಿದವರಿಗೆ ಕಾಣುವ ತಪ್ಪು ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಕೂತವರಿಗೂ ಒಮ್ಮೊಮ್ಮೆ ಕಾಣುವುದಿಲ್ಲ.

ಎಲ್ಲ ಕೂಗೂ ಒಳ್ಳೆಯದೇ ಎಂದು ನಾನು ಹೇಳುವುದಿಲ್ಲ. ಸೆಟ್ ಕೈಗೆ ಬರುವ ಮೊದಲೇ ಚಿತ್ರ ನೋಡಿ ತೀರ್ಪು ಕೊಟ್ಟವರಿದ್ದಾರೆ. ಡಿಸೈನರ್‌ಗಳನ್ನು ವೈಯಕ್ತಿಕವಾಗಿ ಹಳಿಯುವವರು ಯಾವ ಅಭಿಮಾನಿ ಬಳಗದಲ್ಲೂ ಇರುತ್ತಾರೆ, ಇಲ್ಲೂ ಇದ್ದರು. ‘ಹಿಂಬದಿ ಚಪ್ಪಟೆ, ಹಾಗಾಗಿ ಇದು ಈ ಬೆಲೆಗೆ ತಕ್ಕುದಲ್ಲ’ ಅನ್ನುವುದಕ್ಕೂ ‘ಇದನ್ನು ಮಾಡಿದವರು ಮೂರ್ಖರು’ ಅನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ವೈವಾ ಕೋಣೆಯಿಂದ ಹೊರಗೆ ಬರುವಾಗ ಚೆನ್ನಾಗಿ ಗೊತ್ತಾಗುತ್ತದೆ. ಮೊದಲನೆಯದನ್ನು ಕೇಳಿಸಿಕೊಂಡು ಡ್ರಾಯಿಂಗ್ ತಿದ್ದಬಹುದು. ಎರಡನೆಯದನ್ನು ಕೇಳಿಸಿಕೊಂಡು ಹಾಸ್ಟೆಲಿಗೆ ಹೋಗಿ ಮಲಗಬಹುದು.

ಇನ್ನು ‘ನೀನು ಕೊಳ್ಳೋದಿಲ್ಲವಲ್ಲ’ ಎಂಬ ಮಾತು. ಕೊಳ್ಳುವುದಿಲ್ಲ, ನಿಜ. ಆಮದು ಆಟಿಕೆಗಳ ಮೇಲಿನ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಸಾವಿರ ಡಾಲರ್ ಇಲ್ಲಿಗೆ ಬರುವಷ್ಟರಲ್ಲಿ ಸಾವಿರ ಡಾಲರ್ ಆಗಿ ಉಳಿದಿರುವುದಿಲ್ಲ. ಸುಂಕ ಏರಿಸಿದ್ದು ಇಲ್ಲಿಯೇ ಆಟಿಕೆ ತಯಾರಾಗಲಿ ಎಂದು. ಕೊಪ್ಪಳದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆದದ್ದೂ ಅದೇ ಗಾಳಿಯಲ್ಲಿ. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಇದು ದೂರದ ಸುದ್ದಿಯಲ್ಲ. ನಾಳೆ ಅಂಥ ಕಡೆ ಮೋಲ್ಡಿನ ಮುಂದೆ ನಿಲ್ಲುವವರು ನಾವೇ. ಆಗ ನಮಗೆ ಕೊಡುವ ಟಾರ್ಗೆಟ್ ಪೀಸ್ ಲೆಕ್ಕದ್ದೋ, ಟಕ್ ಲೆಕ್ಕದ್ದೋ? ಹೊಸ ಐಫೋನ್ ಬಂದಾಗ ಕೊಳ್ಳದೇ ಇದ್ದರೂ ಕ್ಯಾಮೆರಾ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ನನ್ನ ಗೆಳೆಯನಿಗೆ ಈ ಒಂದು ಆಟಿಕೆಯ ಬಗ್ಗೆ ಮಾತ್ರ ಬಾಯಿ ಮುಚ್ಚಿಕೊಂಡಿರು ಅನ್ನುವ ಹಕ್ಕು ಎಲ್ಲಿಂದ ಬಂತೋ ಕಾಣೆ.

ಹೋದ ಭಾನುವಾರ ಅಪ್ಪನಿಗೆ ಆ ಡೆತ್ ಸ್ಟಾರ್‌ನ ಫೋಟೊ ತೋರಿಸಿದೆ. ಕನ್ನಡಕ ಮೇಲೇರಿಸಿ, ಫೋನನ್ನು ದೂರ ಹಿಡಿದು ನೋಡಿದರು. ಮುಂಭಾಗ ನೋಡಿ ‘ಭಲೇ’ ಅಂದರು. ಪಕ್ಕದಿಂದ ತೆಗೆದ ಫೋಟೊ ಬಂತು. ‘ಇದೇನಮ್ಮ, ದೋಸೆ ಕಾವಲಿ ನಿಲ್ಲಿಸಿದಂಗಿದೆ?’

ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಎಷ್ಟು ಪೀಸು?’ ಅಂದರು. ನಾನು ನಕ್ಕೆ, ಅವರೂ ಅಲ್ಲಿಗೇ ಬಂದರಲ್ಲ ಅಂತ. 9,023 ಅಂದೆ. ಮನಸ್ಸಿನಲ್ಲೇ ಲೆಕ್ಕ ಹಾಕಿ, ‘ಪೀಸಿಗೆ ಹತ್ತು ರೂಪಾಯಿ ಹತ್ರ’ ಅಂದರು. ಅವರ ಶಾಪಿನಲ್ಲಿ ಅಷ್ಟೇ ಗಾತ್ರದ ಸಾಮಾನಿಗೆ ಸಿಗುವುದು ಪೈಸೆಗಳಲ್ಲಿ. ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ‘ಅಷ್ಟು ಕೊಡೋರು ಇದ್ದಾರೆ ಅಂತಾಯ್ತು. ಕೊಟ್ಟು, ಗುಂಡಗಿಲ್ಲ ಅಂತ ಜಗಳಾನೂ ಆಡ್ತಾರೆ’ ಅಂದರು. ‘ಹೌದಪ್ಪಾ, ತುಂಬಾ ಜನ ಆಡ್ತಿದ್ದಾರೆ’ ಅಂದೆ. ‘ನಮ್ಮ ಮುಚ್ಚಳಕ್ಕೆ ಇಷ್ಟು ವರ್ಷದಲ್ಲಿ ಒಬ್ಬನೂ ಜಗಳ ಆಡ್ಲಿಲ್ಲ ನೋಡು. ಸೀಳಿದ್ರೆ ಎಸೀತಾರೆ, ಇನ್ನೊಂದು ತಗೋತಾರೆ.’

ಮೋಲ್ಡ್ ಡಿಸೈನ್ ಕೋರ್ಸಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಕಾರ್ ಸೆಟ್ಟಿನಿಂದ ಎಂಟು ಗುಬುಟಿನ ಒಂದು ಕೆಂಪು ಇಟ್ಟಿಗೆ ಬಿಡಿಸಿ ಕೊಡು ಅಂದರು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಪ್ಲಾಸ್ಟಿಕ್ ಒಳಗೆ ಹರಿದ ಗೇಟಿನ ಗುರುತು ಎಲ್ಲಿ ಎಂದು. ಹಳೆಯ 112ರ ಡಬ್ಬಿಯನ್ನೂ ಅಟ್ಟದಿಂದ ಇಳಿಸಿದೆವು. ಅದರಲ್ಲಿನ ಒಂದನ್ನು ಲೆಗೊ ಮೇಲೆ ಒತ್ತಿದರು. ಕೂತಿತು, ಕೈ ಬಿಟ್ಟರೆ ವಾಲಿತು. ‘ಕೂಲಿಂಗ್ ಸಾಲದಾಗಿತ್ತು ಆವಾಗ, ನಾನು ಹೇಳ್ದೆ ಅವರಿಗೆ’ ಎಂದು ಹದಿನಾಲ್ಕು ವರ್ಷದ ಹಿಂದಿನ ಮಾತನ್ನು ಗೋಡೆಗೆ ಹೇಳಿದರು.

ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಎರಡೂ ಇಟ್ಟಿಗೆ ಶರ್ಟಿನ ಜೇಬಿನಲ್ಲಿದ್ದವು. ಟೂಲ್‌ರೂಮಿನ ಮೈಕ್ರೊಮೀಟರಿನಲ್ಲಿ ಹಿಡಿದು ನೋಡಬೇಕಂತೆ. ಇವತ್ತು ಶುಕ್ರವಾರ. ಕೆಂಪು ಇಟ್ಟಿಗೆ ಇನ್ನೂ ವಾಪಸ್ ಬಂದಿಲ್ಲ, ನನ್ನ ಕಾರಿಗೆ ಒಂದು ಬಾಗಿಲು ಇಲ್ಲ.